ಬಚ್ಚಲ ಒಲೆಗೆ ಹೋದ ಬಾತುಗಳು

ಬೆಳಿಗ್ಗೆ ಬಡಗಿ ನಮ್ಮ ಬಾಗಿಲು ಹೆರೆಯುತ್ತಿದ್ದಾಗ ಬಂದ ಮರದ ವಾಸನೆಗೆ ಅಂತರಸಂತೆಯ ನಮ್ಮ ಹಳೇ ಮನೆಯ ಜಗಲಿ ನೆನಪಾಯಿತು. ಅಪ್ಪ ಅಲ್ಲಿ ಕೂತು ಬೂರುಗದ ಮರದಲ್ಲಿ ಬಾತು ಕೆತ್ತುತ್ತಿದ್ದರು. ಅವನ್ನು ಊರಾಚೆಯ ಅಣೆಕಟ್ಟೆಯ ಹಿನ್ನೀರಿನಲ್ಲಿ ತೇಲಿಬಿಟ್ಟರೆ ಕಾಡುಬಾತುಗಳು ತಮ್ಮವೇ ಎಂದು ನಂಬಿ ಪಕ್ಕದಲ್ಲಿ ಇಳಿಯುತ್ತಿದ್ದವು. ಅಪ್ಪ ಕೋವಿಯಿಂದ ಹೊಡೆಯುತ್ತಿದ್ದರು. ಒಮ್ಮೆ ಅರಣ್ಯ ಇಲಾಖೆಯವರಿಗೆ ಸಿಕ್ಕಿಬಿದ್ದು ಜೈಲಿಗೆ ಹೋಗಿಬಂದ ಮೇಲೆ ಬೇಟೆ ಬಿಟ್ಟರು, ಕೆತ್ತುವುದನ್ನು ಬಿಡಲಿಲ್ಲ.

ಒಂದು ಸಂಜೆ ಬಚ್ಚಲಿನಿಂದಲೇ ಕೂಗಿದರು: "ನೀರು ಚೆನ್ನಾಗ್ ಕಾದದೆ, ಏನಾಕ್ದೆ ಒಲೆಗೆ?"

"ನಿಮ್ಮ ಬಾತುಗಳ್ನ," ಅಂದಳು ಅವ್ವ. "ಇನ್ನೊಂದ್ಸಲ ಜೀಪು ಬಂದ್ರೆ ಮಕ್ಳ ಕಟ್ಕೊಂಡು ನಾನೆಲ್ಲಿಗೋಗನ?"

ಅಪ್ಪ ಮೈಮೇಲಿನ ಸೋಪಿನಲ್ಲೇ ಎದ್ದು ಬಂದರು. ಆಮೇಲೆ ಉಳಿ ಮುಟ್ಟಲಿಲ್ಲ, ಅವ್ವ ಕಾಯಿಸಿದ ನೀರನ್ನೂ ಮುಟ್ಟಲಿಲ್ಲ.

ಅವ್ವ ತೀರಿಕೊಂಡು ಎಷ್ಟೋ ವರ್ಷವಾಯಿತು. ಇವತ್ತೂ ನನ್ನ ಮನೆಯ ಬಚ್ಚಲಲ್ಲಿ ಅಪ್ಪ ನಡುಗುತ್ತಾ ತಣ್ಣೀರೇ ಹುಯ್ದುಕೊಂಡರು. ಬಿಸಿನೀರು ಇಡಲಾ ಎಂದು ಕೇಳಿದೆ.

"ಬ್ಯಾಡ ಕಣವ್ವ," ಅಂದರು, "ಅಭ್ಯಾಸ ಆಗೋಗದೆ."