ಒಂದು ಕಿಟಕಿಗೆ ಹತ್ತು ಪಾವ್

ಇವತ್ತು ಬೆಳಿಗ್ಗೆ ಪಾವ್‌ನವನ ಸೈಕಲ್ ಹಾರ್ನ್ ಕೇಳಿ ಗೇಟಿಗೆ ಹೋದೆ. ದರ ಏರಿದೆ ಎಂದ. ಬಿಸಿ ಪಾವ್ ಬ್ರೆಡ್ಡಿನ ಹುಳಿವಾಸನೆ ಮೂಗಿಗೆ ಬಡಿಯಿತು. ಅಕ್ಕನಿಗೆ ಹೇಳಬೇಕು ಎಂದುಕೊಂಡೆ. ಅಕ್ಕ ಸತ್ತು ವರ್ಷಗಳಾದವು...

ಸ್ವಂತ ಅಕ್ಕನಲ್ಲ. ಗೋವಾದ ಚಿಂಬಲ್‌ನಲ್ಲಿ ನನ್ನ ಪಕ್ಕದ ಖೋಲಿಯವಳು, ಬಾದಾಮಿ ಕಡೆಯಿಂದ ಬಂದವಳು. ಇಬ್ಬರೂ ಬಸ್ಸು ಹಿಡಿದು ಪಣಜಿಗೆ ಹೋಗಿ ಮನೆಗಳ ಕಿಟಕಿ ಒರೆಸುತ್ತಿದ್ದೆವು. ಮಳೆ ಮುಗಿದರೆ ಗಾಜಿನ ಮೇಲೆ ಬೂಷ್ಟು, ಬೇಸಿಗೆಯಲ್ಲಿ ಕೆಂಪು ಧೂಳು. ಕೆಲಸಕ್ಕೆ ಬರವಿರಲಿಲ್ಲ.

ಅಕ್ಕ ಎಂದೂ ಬಾಯಿಬಿಟ್ಟು ಕೂಲಿ ಹೆಚ್ಚು ಕೇಳುತ್ತಿರಲಿಲ್ಲ. ನಾನು ಕೇಳುತ್ತಿದ್ದೆ, ಜಗಳವನ್ನೂ ಆಡುತ್ತಿದ್ದೆ. ಹಾಗೆ ಕೆಲವು ಮನೆ ಕೈಬಿಟ್ಟವು, ಬಿಡಲಿ. ಅವಳು ಮಾತ್ರ, "ಕೇಳೂದಂದ್ರ ಕೈ ಒಡ್ಡಿದಂಗ ಆಕ್ಕೈತಿ, ನನ್ನ ಕೈಲಾಗೂದಿಲ್ಲ ತಂಗಿ" ಅನ್ನುತ್ತಿದ್ದಳು. ಅದಕ್ಕೇ ಒಂದು ಹಂಚಿಕೆ ಹೂಡಿದ್ದಳು. ಮೊದಲ ದಿನವೇ ಮನೆಯವರಿಗೆ ಹೇಳಿಬಿಡುವುದು: ಒಂದು ಕಿಟಕಿಗೆ ಹತ್ತು ಪಾವಿನ ದುಡ್ಡು. ಪಾವ್ ಏರಿದರೆ ಕಿಟಕಿಯೂ ಏರಿತು. ಪಾವಿನ ದರ ಗೋವಾದಲ್ಲಿ ಯಾರಿಗೆ ಗೊತ್ತಿಲ್ಲ? ಚೌಕಾಸಿಯ ಮಾತೇ ಇಲ್ಲ. ಕೆಲವು ವರ್ಷ ಹಾಗೇ ನಡೆಯಿತು.

ಆಮೇಲೆ ಪಾವ್ ಕೈಕೊಟ್ಟಿತು. ಬೇಕರಿಯವರು ದರ ಏರಿಸುವುದು ಬಿಟ್ಟು ಪಾವನ್ನೇ ಸಣ್ಣದು ಮಾಡತೊಡಗಿದರು. ಗ್ಯಾಸ್ ಏರಿತು, ಬಸ್ ಟಿಕೆಟ್ ಏರಿತು, ಎಣ್ಣೆ ಏರಿತು. ಅಕ್ಕನ ಕಿಟಕಿ ಇದ್ದಲ್ಲೇ ಇತ್ತು. ಖೋಲಿಯ ಮಾಲೀಕ ಬಾಡಿಗೆ ಏರಿಸಿ, ಕೊಡು, ಇಲ್ಲಾ ಮಳೆಗಾಲದೊಳಗೆ ಖಾಲಿ ಮಾಡು ಎಂದ.

"ಬಾಯಾರಿಗೆ ಕೇಳು," ಅಂದೆ. ಬಾಯಾರು ಅಂದರೆ ಪಣಜಿಯ ಒಂದು ದೊಡ್ಡ ಮನೆಯ ಯಜಮಾನಿ, ಧಾರವಾಡದವರು, ಸರಕಾರಿ ಆಫೀಸಿನಿಂದ ನಿವೃತ್ತರಾದವರು. ಅಕ್ಕನ ಗಳಿಕೆಯೆಲ್ಲ ಹೆಚ್ಚಾಗಿ ಅವರ ಮನೆಯದೇ. ಅಷ್ಟು ಕಿಟಕಿ ಒಬ್ಬಳಿಗೆ ಆಗದೆಂದು ನಾನೂ ಜೊತೆಗೆ ಹೋಗುತ್ತಿದ್ದೆ.

"ಹೇಳಿದ್ದು ಹೇಳಿದ್ದ. ಹತ್ತು ಪಾವ್," ಅಂದಳು.

"ಹಂಗಾರ ಹಾದ್ಯಾಗ ಮಲಕೊ. ತಲಿದಿಂಬಿಗೆ ಪಾವ್ ಇಟಗೊ."

ಮರುದಿನ ಬಾಯಾರ ಮನೆಯಲ್ಲಿ ಅವಳು ಪ್ರತಿ ಗಾಜಿನ ಕೆಳಗೂ ನಾಲ್ಕು ಬೆರಳಿನಷ್ಟು ಒರೆಸದೆ ಬಿಟ್ಟಳು. ಮೇಲೆಲ್ಲ ಫಳಫಳ, ಕೆಳಗೆ ಕೆಂಪು ಧೂಳಿನ ಪಟ್ಟಿ. ನಾನು ಬಕೆಟ್ ಹಿಡಿದು ನೋಡುತ್ತ ನಿಂತೆ. ಇವಳ ತಲೆ ಕೆಟ್ಟಿತು ಅಂದುಕೊಂಡೆ.

ಬಾಯಾರು ಬಂದರು. "ಇದೇನವಾ, ಗಾಜಿಗೂ ಸೀರಿ ಅಂಚು ಬಿಟ್ಟೀಯಲ್ಲ?"

ಅಕ್ಕ ಸೆರಗಿನ ಗಂಟಿನಿಂದ ಒಂದು ಪಾವ್ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಳು. "ಪಾವ್ ಸಣ್ಣ ಆಗೇತ್ರಿ ಬಾಯಾರ. ಕಿಟಕಿನೂ ಅಷ್ಟ ಸಣ್ಣ ಆಗೇತಿ."

ಹೊರಗೆ ಹಾಕುತ್ತಾರೆ, ಮುಗಿಯಿತು ಅಂದುಕೊಂಡೆ. ಬಾಯಾರು ಪಾವನ್ನು ಒತ್ತಿ ನೋಡಿದರು. ನಕ್ಕರು. "ಹಂಗಾರ ಇನ್ನಮ್ಯಾಲೆ ಮೀನಿನ ದರಕ್ಕ ಕಟ್ಟೂಣೇನು?"

"ಬ್ಯಾಡ್ರಿ. ಮಳಿಗಾಲದಾಗ ದೋಣಿ ನಿಂತು ಮೀನ ತುಟ್ಟಿ ಆಕ್ಕಾವ. ನಿಮಗ ಹೊರಿ ಆಕ್ಕೈತಿ."

"ತೆಂಗಿನಕಾಯಿ?"

"ಅವೂ ಸಣ್ಣವು ಬರ್ತಾವ್ರಿ."

"ಮತ್ತ ಇನ್ನೇನ ಉಳೀತು? ಎಷ್ಟ ಬೇಕು ನೀನ ಕೇಳಬೇಕವಾ. ನಾ ಕೊಡೂದಿಲ್ಲ ಅಂದೇನೇನು?"

ಅಕ್ಕ ಅವರ ಕಡೆ ತಿರುಗಲಿಲ್ಲ. ಗಾಜಿಗೆ ಮುಖ ಮಾಡಿದಳು. ಬಾಯಾರು ಹಿಂದೆ ನಿಂತದ್ದು ಗಾಜಿನಲ್ಲಿ ಕಾಣುತ್ತಿತ್ತು. ಆ ಗಾಜಿನೊಳಗಿನ ಬಾಯಾರಿಗೇ ಕೇಳಿದಳು, ಸಣ್ಣ ದನಿಯಲ್ಲಿ, ಪಾವಿನ ಹೆಸರೆತ್ತದೆ, ರೂಪಾಯಿಯಲ್ಲಿ. ಅವರು ತಲೆಯಾಡಿಸಿದರು. "ವರ್ಷಾ ದೀಪಾವಳಿಗೆ ಹಿಂಗ ಕೇಳು," ಅಂದರು. ಅಕ್ಕ ಒದ್ದೆ ಬಟ್ಟೆ ತಗೊಂಡು ಅಂಚುಗಳನ್ನೆಲ್ಲ ಒರೆಸಿ ತೆಗೆದಳು.

ಖೋಲಿ ಉಳಿಯಿತು. ಆಮೇಲೆ ಪ್ರತಿ ದೀಪಾವಳಿಗೂ ಕೇಳಿದಳು, ಪ್ರತಿ ಸಲವೂ ಗಾಜಿಗೆ ಮುಖ ಮಾಡಿಯೇ. ಸತ್ತದ್ದೂ ಆ ಖೋಲಿಯಲ್ಲೇ. ನಾನು ಅಳಲಿಲ್ಲ, ಮಾಡುವ ಕೆಲಸ ಬಹಳವಿತ್ತು. ಈಗ ಸಾಂಕೋಲೆ ಊರಿನ ಮಗಳ ಮನೆಯಲ್ಲಿ ಕೂತಿರುವಾಗ, ಕೆಲಸವಿಲ್ಲದ ಹೊತ್ತಿನಲ್ಲಿ, ಅವಳಿಲ್ಲದ್ದು ಗೊತ್ತಾಗುತ್ತದೆ...

ಇವತ್ತಿನ ಪಾವನ್ನು ಒತ್ತಿ ನೋಡಿದೆ. ದರವೂ ಏರಿದೆ, ಪಾವೂ ಸಣ್ಣದಾಗಿದೆ. "ಇದಕ್ಕೇನಂತಿ ಅಕ್ಕಾ?" ಎಂದು ಬಾಯಿಗೆ ಬಂದುಬಿಟ್ಟಿತು. ಪಾವ್‌ನವನು ತನಗೇ ಅಂದೆ ಎಂದು ತಿಳಿದ. "ಹಿಟ್ಟು ತುಟ್ಟಿ ಮಾವಶಿ," ಅಂದ. ನನ್ನ ಮುಖ ನೋಡದೆ, ಸೈಕಲ್ಲಿನ ಬುಟ್ಟಿ ನೋಡುತ್ತ ಅಂದ.

ನಾನು ಚೌಕಾಸಿ ಮಾಡಲಿಲ್ಲ. ಕೇಳಿದಷ್ಟು ಕೊಟ್ಟೆ.