ಕೊಯಿಂಬ್ರಾ ನೋಡಲು ಹದಿಮೂರನೆಯ ತಿಂಗಳು

ಪೊರ್ಫೀರಿಯೊ ಸೈಷಸ್ ಮೂವತ್ತೆಂಟು ವರ್ಷ ಒಂದೇ ಬಾಗಿಲನ್ನು ತೆಗೆಯುತ್ತ, ಹಾಕುತ್ತ ಬಾಳಿದವರು. ಕೊಯಿಂಬ್ರಾದ ವಿಶ್ವವಿದ್ಯಾಲಯದಲ್ಲಿ ಕಾನೂನು ಪಾಠ ನಡೆಯುವ ದೊಡ್ಡ ಕೋಣೆಯ ಬಾಗಿಲು ಅದು. ಗೋಪುರದ ಗಂಟೆಗೆ ನಮ್ಮೂರಿನವರು ಮೇಕೆ ಎಂದು ಹೆಸರಿಟ್ಟಿದ್ದಾರೆ. ಮೇಕೆ ಕೂಗಿದ ಕೂಡಲೇ ಯಾರೂ ಪಾಠ ಶುರುಮಾಡುವುದಿಲ್ಲ. ಒಂಬತ್ತು ಗಂಟೆಯ ಪಾಠ ಒಂಬತ್ತೂ ಕಾಲಿಗೆ, ಹತ್ತರದ್ದು ಹತ್ತೂ ಕಾಲಿಗೆ. ಗುಡ್ಡದ ಮೆಟ್ಟಿಲು ಹತ್ತಿ ಬಂದವರು ಏದುಸಿರು ಇಳಿಸಿಕೊಳ್ಳಲಿ ಎಂದು ಅಜ್ಜಂದಿರ ಕಾಲದಿಂದ ಬಿಟ್ಟುಕೊಟ್ಟ ಹೊತ್ತು ಅದು. ಅದಕ್ಕೆ ಮುಂಚೆ ಬಂದರೆ ಪ್ರಾಧ್ಯಾಪಕರನ್ನೂ ಪೊರ್ಫೀರಿಯೊ ಹೊರಗೇ ನಿಲ್ಲಿಸುತ್ತಿದ್ದರು.

"ಇನ್ನೂ ನಾಲ್ಕು ನಿಮಿಷ ಇದೆ, ಪ್ರೊಫೆಸರ್. ಗಾಳಿ ಕುಡೀರಿ."

ಕೆಲಸದಿಂದ ನಿವೃತ್ತಿ ಆಯಿತು, ಆ ಕಾಲು ಗಂಟೆ ಮಾತ್ರ ಮೈಯಿಂದ ಇಳಿಯಲಿಲ್ಲ. ಚರ್ಚಿಗೆ ಕಾಲು ಗಂಟೆ ತಡ, ಹಲ್ಲಿನ ವೈದ್ಯರಲ್ಲಿಗೆ ಕಾಲು ಗಂಟೆ ತಡ. ಸೋದರಮಾವನ ಅಂತ್ಯಕ್ರಿಯೆಗೆ ಕಾಲು ಗಂಟೆ ತಡವಾಗಿ ಹೋಗಿ, ಇದೇನು ಇಷ್ಟು ಬೇಗ ಮುಗಿಸಿಬಿಟ್ಟಿರಿ ಎಂದು ನೆಂಟರ ಮೇಲೆಯೇ ಮುನಿಸಿಕೊಂಡರು.

ಅವರಿಗಿದ್ದ ಇನ್ನೊಂದು ಕಾಯಿಲೆ ಸಲಹೆ ಕೊಡುವುದು. ನಮ್ಮೂರಿಗೆ ಯಾವಾಗ ಬರಬೇಕು, ಬರುವಾಗ ಏನೇನು ತರಬೇಕು ಎಂಬುದರಲ್ಲಿ ತನ್ನನ್ನು ಬಿಟ್ಟರೆ ತಿಳಿದವರೇ ಇಲ್ಲ ಎಂದು ಅವರ ನಂಬಿಕೆ. ಸ್ವತಃ ನಲವತ್ತು ಕಿಲೋಮೀಟರಿನಾಚೆಯ ಫಿಗೇರಾ ಬೀಚು ದಾಟಿ ಎಲ್ಲಿಗೂ ಹೋದವರಲ್ಲ. ಆದರೂ ದಾರಿಯಲ್ಲಿ ಚಕ್ರದ ಪೆಟ್ಟಿಗೆ ಎಳೆದುಕೊಂಡು ಹೋಗುವವರು ಕಂಡರೆ ಸಾಕು, ಅಡ್ಡಹಾಕಿ ನಿಲ್ಲಿಸುತ್ತಿದ್ದರು. "ಚಕ್ರದ ಪೆಟ್ಟಿಗೆ ತಂದಿದ್ದೀರಾ? ಈ ಕಲ್ಲಿನ ಮೇಲೆ? ದೇವರೇ ಕಾಪಾಡಲಿ." ಪಾಪ, ಅವರು ಬಂದಾಗಿದೆ, ತಂದಾಗಿದೆ, ಈಗ ಹೇಳಿ ಏನು ಪ್ರಯೋಜನ? ಆ ಮಾತು ಪೊರ್ಫೀರಿಯೊ ಅವರ ತಲೆಗೆ ಹೊಳೆದಿದ್ದೇ ಇಲ್ಲ.

ಮದುವೆ ಆಗಿರಲಿಲ್ಲ. ಯಾಕೆ ಎಂದು ಕೇಳಿದರೆ, ಸರಿಯಾದ ಹೊತ್ತು ಬರಲಿಲ್ಲ ಎನ್ನುತ್ತಿದ್ದರು. ಹಳೆಯ ಕೆಥೆಡ್ರಲ್ಲಿನ ಪಕ್ಕದ ಓಣಿಯಲ್ಲಿ ದೋನಾ ಗ್ರಸಿಂದಾ ಅವರ ದಿನಸಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ, ಮೂರು ಛತ್ರಿಗಳ ಜೊತೆ ವಾಸ. ಅರವತ್ತೇಳು ತುಂಬುವವರೆಗೂ ಅದರಲ್ಲಿ ಅವರಿಗೆ ಏನೂ ಕೊರತೆ ಕಂಡಿರಲಿಲ್ಲ.

ಕೊರತೆ ಕಂಡದ್ದು ಗ್ರಸಿಂದಾ ಅವರ ತಂಗಿಮಗಳ ಮದುವೆಯಲ್ಲಿ. ಬೇಜಾ ಎಂಬ ದಕ್ಷಿಣದ ಊರಿನಿಂದ ದೋನಾ ಲಿಯೊನಿಲ್ದಾ ಎಂಬ ವಿಧವೆ ಬಂದಿದ್ದರು. ಅರವತ್ತೆರಡು ವಯಸ್ಸು, ಸ್ವಂತ ಮಿಠಾಯಿ ಅಂಗಡಿ, ಕೆಂಪು ಹೈಹೀಲ್ಡ್ ಚಪ್ಪಲಿ, ಮೂರು ಮೇಜಿನಾಚೆಗೂ ಕೇಳಿಸುವ ನಗು. ಪೊರ್ಫೀರಿಯೊ ಆಕೆಯ ಜೊತೆ ನಾಲ್ಕು ಹಾಡಿಗೆ ಕುಣಿದರು. ಐದನೆಯದಕ್ಕೆ ಕಾಲು ನೋಯುತ್ತದೆಂದು ಕೂತಾಗ ಆಕೆಯೂ ಪಕ್ಕದಲ್ಲೇ ಕೂತರು.

"ನಿಮ್ಮೂರು ತುಂಬಾ ಚೆನ್ನಾಗಿದೆ ಅಂತಾರೆ, ಸೆನ್ಯೋರ್ ಪೊರ್ಫೀರಿಯೊ," ಎಂದರು ಲಿಯೊನಿಲ್ದಾ. "ಯಾವಾಗ ಬರ್ಲಿ? ಏನ್ ತರ್ಲಿ?"

ಯಾವ ಗಂಡಸಾದರೂ ನಾಳೆಯೇ ಬನ್ನಿ ಎನ್ನುತ್ತಿದ್ದ. ನಮ್ಮ ಪೊರ್ಫೀರಿಯೊ ಕನ್ನಡಕ ಸರಿಮಾಡಿಕೊಂಡು, "ಅದನ್ನ ಹಾಗೆಲ್ಲ ಬಾಯಲ್ಲಿ ಹೇಳಕ್ಕಾಗಲ್ಲ. ಬರೆದು ಕಳಿಸ್ತೀನಿ," ಎಂದರು.

ಬರೆದರು. ಹನ್ನೊಂದು ಹಾಳೆ, ಎರಡೂ ಮಗ್ಗುಲು. ಅಂಚೆಗೆ ಹಾಕುವ ಮುಂಚೆ ಅಂಗಡಿಯ ಕಟ್ಟೆಯ ಮೇಲೆ ಕೂತು ಗ್ರಸಿಂದಾ ಅವರಿಗೆ ಓದಿ ಹೇಳಿದರು. ರಬ್ಬರ್ ತಳದ ಶೂಗಳು, ಹಿಮ್ಮಡಿ ಎತ್ತರ ಇರಕೂಡದು. ಛತ್ರಿ ಎರಡು, ಒಂದು ಗಾಳಿಗೆ ಮುರಿಯಲು, ಒಂದು ಹಿಡಿದುಕೊಳ್ಳಲು. ನಮ್ಮ ಮನೆಗಳು ಬೀದಿಗಿಂತ ತಣ್ಣಗಿರುವುದರಿಂದ ಉಣ್ಣೆಯ ಒಳಅಂಗಿ, ಬಿಸಿನೀರಿನ ಚೀಲ. ಕಿವಿಗೆ ಹತ್ತಿ. ಕಪ್ಪು ಬಟ್ಟೆ ಬೇಡ, ಪ್ರಾಧ್ಯಾಪಕಿ ಎಂದುಕೊಂಡು ಹುಡುಗರು ಅಂಕ ಕೇಳಿಯಾರು. ಮೊಣಕಾಲಿಗೆ ಹಚ್ಚುವ ಮುಲಾಮು. ಮೊದಲನೆಯ ಮುಲಾಮು ಮುಗಿದರೆ ಎರಡನೆಯದು.

ಗ್ರಸಿಂದಾ ಒಣಮೀನು ಕತ್ತರಿಸುತ್ತಿದ್ದ ಕೈ ನಿಲ್ಲಿಸಿದರು. "ಆಯಮ್ಮನ್ನ ಊರು ನೋಡೋಕೆ ಕರೀತಿದ್ದೀರೋ, ಯುದ್ಧಕ್ಕೆ ಕಳಿಸ್ತಿದ್ದೀರೋ?"

"ತಯಾರಿ ಇಲ್ದೆ ಬಂದ್ರೆ ಊರಿಗೇ ಕೆಟ್ಟ ಹೆಸರು, ದೋನಾ ಗ್ರಸಿಂದಾ."

"ಎಲ್ಲಾ ಬರ್ದ್ರಿ. ‘ನೀವು ಬಂದ್ರೆ ನಂಗೆ ಖುಷಿ’ ಅಂತ ಎಲ್ಲಿ ಬರ್ದಿದ್ದೀರಿ, ತೋರ್ಸಿ ನೋಡೋಣ."

ಪೊರ್ಫೀರಿಯೊ ಹಾಳೆಗಳನ್ನು ತಿರುವಿ ತಿರುವಿ ನೋಡಿದರು. ಅದೊಂದು ಬಿಟ್ಟುಹೋಗಿತ್ತು. ಆದರೆ ಹಾಳೆಯಲ್ಲಿ ಜಾಗ ಇರಲಿಲ್ಲ.

ಸಾಮಾನು ಪಟ್ಟಿಗಿಂತ ದೊಡ್ಡ ಎಡವಟ್ಟು ತಿಂಗಳುಗಳದ್ದು. ಲಿಯೊನಿಲ್ದಾ ನವೆಂಬರಿನಲ್ಲಿ ಬರಲೇ ಎಂದು ಬರೆದರು. ನದಿಯ ಮಂಜು ಎದೆಗೆ ಇಳಿಯುತ್ತದೆ, ಬೇಡ ಎಂದು ಇವರು. ಕ್ರಿಸ್‌ಮಸ್ಸಿಗೆ? ಹುಡುಗರೆಲ್ಲ ಮನೆಗೆ ಹೋಗಿ ಊರು ಬಿಕೋ ಎನ್ನುತ್ತಿರುತ್ತದೆ. ಹಾಗಾದರೆ ಜನವರಿ, ಫೆಬ್ರವರಿ? ಅಯ್ಯೋ, ಮೊಂದೇಗು ನದಿ ಉಕ್ಕುವ ಕಾಲ. ಮಾರ್ಚಿನ ಗಾಳಿಗೆ ಟೋಪಿ ನಿಲ್ಲುವುದಿಲ್ಲ, ಏಪ್ರಿಲ್ ಮಳೆಯನ್ನು ನಂಬುವಂತಿಲ್ಲ, ಜೂನಿನಲ್ಲಿ ಪರೀಕ್ಷೆ, ಊರಿಗೆ ಊರೇ ಸಿಡಿಮಿಡಿ. ಜುಲೈ, ಆಗಸ್ಟಿನ ಬಿಸಿಲಿಗೆ ಕಲ್ಲು ಕಾಯುತ್ತದೆ. ಸೆಪ್ಟೆಂಬರು, ಅಕ್ಟೋಬರಿನಲ್ಲಿ ಹೊಸ ಹುಡುಗರು ಕಾಲಿಗೆ ತಗಡಿನ ಡಬ್ಬ ಕಟ್ಟಿಕೊಂಡು ಗಲಾಟೆ ಎಬ್ಬಿಸುತ್ತಾರೆ. ಇನ್ನು ಮೇ ತಿಂಗಳಂತೂ ಮಾತೇ ಆಡಬೇಡಿ. ಓದು ಮುಗಿಸುವವರು ತಮ್ಮ ಬಣ್ಣದ ರಿಬ್ಬನ್ನುಗಳನ್ನು ಸುಡುವ ಹಬ್ಬ, ಒಂದು ವಾರ ಬೀದಿ ತುಂಬ ಬಿಯರು, ಮೆಟ್ಟಿಲು ತುಂಬ ಬಿದ್ದವರು.

ಒಂದೊಂದು ಪತ್ರವನ್ನೂ ಪ್ರೀತಿಯಿಂದಲೇ ಬರೆದದ್ದು. ಅವರು ಬಂದ ದಿನ ಒಂದು ಹನಿ ಮಳೆ ಬೀಳಬಾರದು, ಒಂದು ಕಲ್ಲು ಜಾರಬಾರದು ಎಂದು ಆ ಬಡಪಾಯಿಯ ಆಸೆ. ಬೇಜಾದಲ್ಲಿ ಓದಿದವರಿಗೆ ಅದು ಹಾಗೆ ಕಾಣಬೇಕಲ್ಲ?

ಮೇ ತಿಂಗಳ ಒಂದು ಭಾನುವಾರ ಅಂಗಡಿಯ ಫೋನು ಬಡಿದುಕೊಂಡಿತು. ಮೊಬೈಲು ಜನರ ಜೇಬಿಗೆ ಬಂದಿರದ ಕಾಲ. ಪೊರ್ಫೀರಿಯೊ ಮೆಟ್ಟಿಲಿಳಿದು ಬಂದರು.

"ಸೆನ್ಯೋರ್ ಪೊರ್ಫೀರಿಯೊ, ಹನ್ನೆರಡು ತಿಂಗಳೂ ಬೇಡ ಅಂದಿದ್ದಾಯ್ತು," ಲಿಯೊನಿಲ್ದಾ ಅವರ ದನಿಯಲ್ಲಿ ನಗು ಇರಲಿಲ್ಲ. "ಹದಿಮೂರನೇ ತಿಂಗಳು ಯಾವ್ದು ಅಂತ ಹೇಳ್ಬಿಡಿ, ಆಗ್ಲೇ ಬರ್ತೀನಿ."

"ದೋನಾ ಲಿಯೊನಿಲ್ದಾ, ನಾನು ನಿಮ್ಮ ಒಳ್ಳೇದಕ್ಕೇ..."

"ಸೆತೂಬಲ್‌ನಲ್ಲಿ ಒಬ್ರು ಇದ್ದಾರೆ. ಮೀನಿನ ದೋಣಿ ಇಟ್ಟಿದ್ದವ್ರು, ಈಗ ರಿಟೈರು. ಅವ್ರೂ ಕಾಗದ ಬರ್ದಿದ್ದಾರೆ. ಒಂದೇ ಸಾಲು. ‘ಯಾವಾಗ ಬೇಕಾದ್ರೂ ಬಾ, ಏನೂ ತರ್ಬೇಡ.’ ಕೇಳಿಸ್ತಾ?"

ಪೊರ್ಫೀರಿಯೊ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡರು. ಒಂದೇ ಸಾಲು! ಛತ್ರಿಯ ಮಾತೂ ಇಲ್ಲ!

"ನಾಡಿದ್ದು ಮಂಗಳವಾರ ಎರಡೂವರೆ ಗಂಟೆ ರೈಲಿಗೆ ಬರ್ತೀನಿ. ನೀವು ಸ್ಟೇಷನ್‌ನಲ್ಲಿ ಕಂಡ್ರೆ ಸರಿ. ಕಾಣ್ದಿದ್ರೆ ಆರು ಗಂಟೆ ರೈಲಿಗೆ ವಾಪಸ್ಸು, ಅಲ್ಲಿಂದ ನೆಟ್ಟಗೆ ಸೆತೂಬಲ್‌ಗೆ."

"ಮಂಗಳವಾರ ಹಬ್ಬದ ಮೆರವಣಿಗೆ ಇದೆ, ಬೀದಿ..." ಎನ್ನುವಷ್ಟರಲ್ಲಿ ಫೋನು ಕಟ್ಟಾಯಿತು. ಒಳ್ಳೆಯದೇ ಆಯಿತು.

ಮಂಗಳವಾರ ಪೊರ್ಫೀರಿಯೊ ಬೆಳಗ್ಗೆಯೇ ಕ್ಷೌರ ಮಾಡಿಕೊಂಡರು, ಮಧ್ಯಾಹ್ನ ಇನ್ನೊಮ್ಮೆ ಮಾಡಿಕೊಂಡರು. ನೀಲಿ ಕೋಟು ಹಾಕಿ, ಊರಿನಲ್ಲೇ ಅತ್ಯಂತ ದಪ್ಪ ರಬ್ಬರ್ ತಳದ ಶೂ ಏರಿಸಿ ಅಂಗಡಿಗೆ ಇಳಿದಾಗ ಎರಡು ಗಂಟೆ. ಹದಿನೈದು ನಿಮಿಷದ ದಾರಿ.

"ಇನ್ನೂ ಯಾಕೆ ನಿಂತಿದ್ದೀರಿ? ಹೊರಡಿ!" ಎಂದರು ಗ್ರಸಿಂದಾ.

"ರೈಲು ಎರಡೂವರೆಗೆ, ದೋನಾ ಗ್ರಸಿಂದಾ," ಎಂದು ಪೊರ್ಫೀರಿಯೊ ನಿಶ್ಚಿಂತೆಯಿಂದ ಒಂದು ಲೋಟ ಕಾಫಿ ಕೇಳಿದರು. ಎರಡೂವರೆ ಎಂದರೆ ಎರಡೂ ಮುಕ್ಕಾಲು ಎನ್ನುವುದು ಅವರ ರಕ್ತದಲ್ಲಿತ್ತು. ಅದು ಯೋಚನೆಯಾಗಿದ್ದರೆ ಯಾರಾದರೂ ತಿದ್ದಬಹುದಿತ್ತು. ಅಭ್ಯಾಸವನ್ನು ಯಾರು ತಿದ್ದುತ್ತಾರೆ? ಎರಡೂವರೆಗೆ ಸರಿಯಾಗಿ ಮನೆಯಿಂದ ಹೊರಟರು. ಮೆಟ್ಟಿಲ ದಾರಿ ಬಿಯರಿನಿಂದ ಜಾರುತ್ತದೆಂದು ತನ್ನ ಸಲಹೆಯನ್ನು ತಾನೇ ಪಾಲಿಸಿ ಸುತ್ತಿನ ಬೀದಿ ಹಿಡಿದರು. ಅಲ್ಲಿ ಕಾಗದದ ಹೂವು ಮೆತ್ತಿದ ಲಾರಿಗಳು ಸಾಲುಗಟ್ಟಿದ್ದವು. ವೈದ್ಯಕೀಯ ಓದುವ ಹುಡುಗಿಯೊಬ್ಬಳು ಇವರ ತಲೆಗೆ ಹಳದಿ ಹ್ಯಾಟು ಇಟ್ಟಳು, ಇನ್ನೊಬ್ಬ ಅಪ್ಪಿಕೊಂಡು, "ಸೆನ್ಯೋರ್ ಪೊರ್ಫೀರಿಯೊ, ನನ್ನನ್ನ ಎಷ್ಟು ಸಲ ಹೊರಗೆ ನಿಲ್ಸಿದ್ರಿ!" ಎಂದು ಕಣ್ಣೀರು ಹಾಕಿದ.

ಸ್ಟೇಷನ್ ಮುಟ್ಟಿದಾಗ ಮೂರು ಗಂಟೆ. ಪ್ಲಾಟ್‌ಫಾರಂ ಮೇಲೆ ಕಸ ಗುಡಿಸುವವರೊಬ್ಬರನ್ನು ಬಿಟ್ಟರೆ ನರಪಿಳ್ಳೆ ಇಲ್ಲ.

"ರೈಲು ಬರ್ಲಿಲ್ವಾ?"

"ಬಂತಲ್ಲ, ಎರಡೂವರೆಗೆ. ಎರಡೂವರೆ ರೈಲು ಇನ್ಯಾವಾಗ ಬರತ್ತೆ?"

ಮೂವತ್ತೆಂಟು ವರ್ಷ ಪ್ರಾಧ್ಯಾಪಕರನ್ನು ಹೊರಗೆ ನಿಲ್ಲಿಸಿದ ಮನುಷ್ಯ, ಇವತ್ತು ತಾನೇ ಹೊರಗೆ ನಿಂತಿದ್ದರು. ಬಾಯಿಂದ ಒಂದು ಸಲಹೆಯೂ ಹೊರಡಲಿಲ್ಲ.

ಗುಡಿಸುವವರಿಗೆ ಕನಿಕರ ಬಂದಿರಬೇಕು. "ಕೆಂಪು ಚಪ್ಪಲಿ ಹಾಕ್ಕೊಂಡ್ ಬಂದ ಅಮ್ಮನ್ನ ಹುಡುಕ್ತಿದ್ದೀರಾ? ಕಾಲು ಗಂಟೆ ಕಾದ್ರು. ಆಮೇಲೆ, ‘ಈ ಹನ್ನೊಂದು ಹಾಳೆ ಆ ಮನುಷ್ಯನ ಮುಖಕ್ಕೇ ಹಾಕಿ ಹೋಗ್ತೀನಿ’ ಅಂತ ಮೆಟ್ಟಿಲ ಕಡೆ ಹೊರಟ್ರು. ತುಂಬಾ ಕೋಪದಲ್ಲಿದ್ರು, ನೋಡ್ಕೊಳ್ಳಿ."

ಮೆಟ್ಟಿಲು! ಬೆನ್ನುಮುರುಕ ಎಂದು ಹೆಸರಿರುವ ಆ ಮೆಟ್ಟಿಲು, ಹಬ್ಬದ ದಿನ, ಆ ಹಿಮ್ಮಡಿಯಲ್ಲಿ! ಪೊರ್ಫೀರಿಯೊ ಎದ್ದೆನೋ ಬಿದ್ದೆನೋ ಎಂದು ಓಡಿದರು. ಹಳದಿ ಹ್ಯಾಟು ತಲೆಯ ಮೇಲೆಯೇ ಇತ್ತು.

ಕೆಳಗಿನಿಂದ ಕತ್ತೆತ್ತಿ ನೋಡಿದರೆ, ಮೆಟ್ಟಿಲ ನಟ್ಟನಡುವೆ ಲಿಯೊನಿಲ್ದಾ ಒಂದು ಕೈಯಲ್ಲಿ ಗೋಡೆ, ಇನ್ನೊಂದರಲ್ಲಿ ಪುಟ್ಟ ಚೀಲ ಹಿಡಿದು ನಿಂತಿದ್ದರು. ಒಂದು ಚಪ್ಪಲಿಯ ಹಿಮ್ಮಡಿ ಕಲ್ಲಿನ ಸಂದಿಗೆ ಸಿಕ್ಕಿ ಮುರಿದಿತ್ತು. ಹತ್ತುವಂತಿಲ್ಲ, ಇಳಿಯುವಂತಿಲ್ಲ. ಸುತ್ತ ಕಪ್ಪು ನಿಲುವಂಗಿ ಹೊದ್ದ ಹತ್ತಾರು ಹುಡುಗರು, ಹುಡುಗಿಯರು.

"ಅಮ್ಮಾವ್ರೇ, ಎಲ್ಲಿಗೆ?" ಎಂದಳು ಒಬ್ಬಳು.

"ಪೊರ್ಫೀರಿಯೊ ಅನ್ನೋರ ಮನೆಗೆ. ಜಗಳಕ್ಕೆ."

ಹುಡುಗರು ಹೋ ಎಂದು ಕೂಗಿದರು. ದೊಡ್ಡವರಿಗೆ ಮರ್ಯಾದೆ ತೋರಿಸಬೇಕೆಂದರೆ ನಮ್ಮ ಹುಡುಗರು ತಮ್ಮ ನಿಲುವಂಗಿ ಬಿಚ್ಚಿ ಅವರ ಕಾಲ ಕೆಳಗೆ ಹಾಸುತ್ತಾರೆ. ಪೊರ್ಫೀರಿಯೊ ಅವರ ಜೊತೆ ಜಗಳಕ್ಕೆ ಹೋಗುವವರಿಗಿಂತ ದೊಡ್ಡವರು ಇನ್ಯಾರು? ಒಂದರ ಮೇಲೊಂದು ಮೆಟ್ಟಿಲಿಗೆ ನಿಲುವಂಗಿಗಳು ಹಾಸಿಕೊಂಡವು. ಲಿಯೊನಿಲ್ದಾ ಎರಡೂ ಚಪ್ಪಲಿ ಕೈಗೆ ತೆಗೆದುಕೊಂಡು, ಬರಿಗಾಲಲ್ಲಿ ರಾಣಿಯ ಹಾಗೆ ಮೊದಲ ಹೆಜ್ಜೆ ಇಟ್ಟರು.

"ನಿಲ್ಲಿ! ತುಳೀಬೇಡಿ!" ನಾಲ್ಕೈದು ಮೆಟ್ಟಿಲು ಹತ್ತಿದ್ದ ಪೊರ್ಫೀರಿಯೊ ಕೆಳಗಿನಿಂದ ಕೂಗಿದರು. "ಅವನ್ನ ಕೊಂಡ ದಿನದಿಂದ ಒಗೆದಿರಲ್ಲ! ಒಗೆದ್ರೆ ಅದೃಷ್ಟ ಹೋಗತ್ತೆ ಅಂತ ಒಗೆಯೋದೇ ಇಲ್ಲ! ಕಾಲಿಗೆ ಏನಾದ್ರೂ ಆದ್ರೆ! ಗೋಡೆ ಪಕ್ಕ ಬನ್ನಿ! ಎಡಗಾಲು ಮೊದಲು! ನನ್ನ ನೋಡಿ, ಹೀಗೆ..."

ಹೀಗೆ ಎಂದು ತೋರಿಸಲು ಇಟ್ಟ ಎಡಗಾಲು ಬಿಯರಿನ ಮೇಲೆ ಬಿತ್ತು. ಊರಿನಲ್ಲೇ ಅತ್ಯಂತ ದಪ್ಪ ರಬ್ಬರ್ ತಳ ಸುಯ್ಯೆಂದು ಜಾರಿತು. ಪೊರ್ಫೀರಿಯೊ ಕೂತ ಭಂಗಿಯಲ್ಲೇ ನಾಲ್ಕು ಮೆಟ್ಟಿಲು ಇಳಿದು, ಬುಡದಲ್ಲಿ ಕಾಲು ಚಾಚಿ ನಿಂತರು. ಅಂದರೆ ಕೂತರು. ಹಳದಿ ಹ್ಯಾಟು ಮೂಗಿನವರೆಗೆ ಇಳಿದಿತ್ತು.

ಆಮೇಲೆ ಮೇಲಿನಿಂದ ಆ ನಗು ಬಂತು, ಮೂರು ಮೇಜಿನಾಚೆಗೂ ಕೇಳಿಸುವ ನಗು. ಕೋಪ ಅದರ ಜೊತೆಗೇ ಕೊಚ್ಚಿಕೊಂಡು ಹೋಯಿತು. ಹುಡುಗರು ನಿಲುವಂಗಿಗಳನ್ನು ಎತ್ತಿ ಈಗ ಕೆಳಮುಖವಾಗಿ ಹಾಸಿದರು, ಪೊರ್ಫೀರಿಯೊ ಅವರ ಕಾಲಿನವರೆಗೆ.

ಲಿಯೊನಿಲ್ದಾ ಇಳಿದು ಬಂದು ಪಕ್ಕದ ಮೆಟ್ಟಿಲ ಮೇಲೆ ಕೂತರು. ಹನ್ನೊಂದು ಹಾಳೆ ತೆಗೆದು ಅವರ ತೊಡೆಯ ಮೇಲಿಟ್ಟರು.

"ಪೆಟ್ಟಾಯ್ತಾ?"

"ಮುಲಾಮು... ನೀವು ತಂದಿರ್ಬೇಕಲ್ಲ, ಒಂಬತ್ತನೇ ಹಾಳೇಲಿ ಬರ್ದಿದ್ದೆ."

"ನಿಮ್ಮ ಪಟ್ಟೀಲಿರೋದು ಒಂದೂ ತಂದಿಲ್ಲ." ಲಿಯೊನಿಲ್ದಾ ಚೀಲದ ಬಾಯಿ ಬಿಚ್ಚಿದರು. ಒಳಗೆ ಬಾದಾಮಿ ಮಿಠಾಯಿಯ ಒಂದು ಡಬ್ಬ, ಅದರ ಕೆಳಗೆ ಉಣ್ಣೆಯ ಒಂದು ಜೊತೆ ಚಪ್ಪಲಿ. ಮನೆಯೊಳಗೆ ಹಾಕಿಕೊಂಡು ಓಡಾಡುವಂಥದು, ಹಳೆಯದು, ಹೆಬ್ಬೆರಳಿನ ಹತ್ತಿರ ಸವೆದದ್ದು. ಅದನ್ನು ಕಾಲಿಗೆ ಹಾಕಿಕೊಂಡರು.

ಪೊರ್ಫೀರಿಯೊ ಆ ಚಪ್ಪಲಿಯನ್ನು ನೋಡುತ್ತಲೇ ಇದ್ದರು. ಹನ್ನೊಂದು ಹಾಳೆಯಲ್ಲಿ ಅದನ್ನು ಬರೆದಿರಲಿಲ್ಲ. ಒಂದು ಮಧ್ಯಾಹ್ನಕ್ಕೆ ಬಂದು ಹೋಗುವವರು ಅದನ್ನು ತರುವುದಿಲ್ಲ ಎಂದು ನಿಧಾನವಾಗಿ ಅವರಿಗೆ ಹೊಳೆಯಿತು.

"ದೋನಾ ಲಿಯೊನಿಲ್ದಾ, ನೀವು ಬಂದಿದ್ದು ನಂಗೆ ಖುಷಿ," ಎಂದರು. ಹೇಳಿದ್ದಕ್ಕೋ, ಬಿದ್ದ ನೋವಿಗೋ, ಕಣ್ಣು ಒದ್ದೆಯಾಗಿತ್ತು. "ತುಂಬಾ ಖುಷಿ. ಮೊದಲನೇ ಹಾಳೇಲೇ ಬರೀಬೇಕಿತ್ತು."

"ಬರೀಬೇಕಿತ್ತು," ಎಂದು ಲಿಯೊನಿಲ್ದಾ ಮಿಠಾಯಿ ಡಬ್ಬ ಬಿಚ್ಚಿ ಮೊದಲು ಹುಡುಗರಿಗೆ ಹಂಚಿದರು.

ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಮೇಲೆ ಹತ್ತಿದರು. ಗ್ರಸಿಂದಾ ಅಂಗಡಿಯ ಒಳಕೋಣೆಯಲ್ಲಿ ವೈನಿನಲ್ಲಿ ಬೇಯಿಸಿದ ಮೇಕೆ ಮಾಂಸ ಬಡಿಸಿದರು, ಬಿದ್ದ ಕಥೆಯನ್ನು ಮೂರು ಸಲ ಹೇಳಿಸಿಕೊಂಡರು. ಮಾತಿನ ನಡುವೆ ಪೊರ್ಫೀರಿಯೊ ಗೋಡೆಯ ಗಡಿಯಾರ ನೋಡಿ ಗಡಬಡಿಸಿ ಎದ್ದರು. ಐದೂ ಮುಕ್ಕಾಲು. ಹೇಳದೆ ಇದ್ದುಬಿಡಬಹುದಿತ್ತು. ಆದರೆ ಇನ್ನೊಬ್ಬರ ರೈಲು ತಪ್ಪಿಸುವ ಜಾತಿಯವರಲ್ಲ ಅವರು.

"ದೋನಾ ಲಿಯೊನಿಲ್ದಾ, ನಿಮ್ಮ ಆರು ಗಂಟೆ ರೈಲು. ಈಗ್ಲೇ ಹೊರಟ್ರೆ ಸಿಗತ್ತೆ."

ಲಿಯೊನಿಲ್ದಾ ಉಣ್ಣೆ ಚಪ್ಪಲಿಯ ಕಾಲನ್ನು ಮುಂದೆ ಚಾಚಿ, ತಟ್ಟೆಗೆ ಇನ್ನೊಂದು ಸೌಟು ಬಡಿಸಿಕೊಂಡರು.

"ಯಾಕಿಷ್ಟು ಅವಸರ? ಆರು ಗಂಟೆ ರೈಲಿಗೆ ಆರೂ ಕಾಲಿಗೆ ಹೋದ್ರಾಯ್ತು. ನಿಮ್ಮೂರಲ್ಲಿ ಹಾಗೇ ಅಲ್ವಾ?"