ಟೆಂಟಿನ ದೆವ್ವ ಮತ್ತು ನನ್ನ ಧೈರ್ಯ

ಹೊನ್ನಾವರದಲ್ಲಿ ಶರಾವತಿ ದಾಟುವ ಲಾಂಚಿನಲ್ಲಿ ಕೂತು, ಹಿಂದಿನ ದಿನ ಕುಮಟೆಯ ಟೆಂಟಿನಲ್ಲಿ ನೋಡಿದ ದೆವ್ವದ ಸಿನೆಮಾವನ್ನು ನಮ್ಮ ಕಚೇರಿಯ ಗುಮಾಸ್ತರೆದುರು ಹೀಗಳೆಯುತ್ತಿದ್ದೆ.

"ಮಕ್ಕಳೂ ಹೆದರುವುದಿಲ್ಲ. ನನಗಂತೂ ನಿದ್ದೆ ಬಂತು."

ಎದುರಿಗೆ ಮೀನಿನ ಬುಟ್ಟಿ ಇಟ್ಟುಕೊಂಡಿದ್ದ ಅಪರಿಚಿತರೊಬ್ಬರು ನನ್ನನ್ನೇ ನೋಡಿ, "ನಿನ್ನೆ ಕಂಬದ ಹತ್ರ ಕೂತವ್ರು ನೀವೇ ಅಲ್ದಾ?" ಎಂದರು.

"ಹೌದು. ಎಂತಕ್ಕೆ?"

ಅವರು ಅಂಗಿಯ ತೋಳು ಮೇಲೇರಿಸಿದರು. ಮುಂಗೈ ತುಂಬ ಉಗುರಿನ ಕೆಂಪು ಗೀರು.

"ಬಾವಿಯಿಂದ ಆ ದೆವ್ವದ ಹೆಂಗಸು ಎದ್ದಾಗ ನನ್ನ ಕೈ ಹಿಡಿದವ್ರು, ಸಿನೆಮಾ ಮುಗಿಯೋವರೆಗೆ ಬಿಡ್ಲಿಲ್ಲ."

ಅದು ಕುರ್ಚಿಯ ಕೈ ಎಂದುಕೊಂಡಿದ್ದೆ! ಲಾಂಚಿಗೆ ಲಾಂಚೇ ನಕ್ಕಿತು. ನನಗೆ ಹೊಳೆಗೆ ಹಾರುವಷ್ಟು ನಾಚಿಕೆಯಾಯಿತು.

"ಇರ್ಲಿ ಮಾರಾಯ್ರೇ," ಎಂದು ಅವರೇ ತಗ್ಗಿದ ದನಿಯಲ್ಲಿ ಸಮಾಧಾನ ಹೇಳಿದರು, "ನಂಗೂ ಹೆದ್ರಿಕೆ ಆಗಿತ್ತು. ನೀವು ಹಿಡ್ಕೊಂಡದ್ದು ಒಳ್ಳೇದೇ ಆತು."

ಈಗಲೂ ಸಿನೆಮಾದ ಬಗ್ಗೆ ಅಭಿಪ್ರಾಯ ಹೇಳುವ ಮೊದಲು, ಪಕ್ಕದಲ್ಲಿ ಕೂತು ನೋಡಿದವರು ಯಾರಾದರೂ ಇದ್ದಾರೆಯೇ ಎಂದು ಸುತ್ತ ಕಣ್ಣಾಡಿಸುತ್ತೇನೆ.